ಟೀಚರ್‌ಗೊಂದು ಪತ್ರ: ತೋಟದ ನಡುವೆ ಮನೆ, ಮನೆಯೊಳಗೆ ಮಗು

ಕಳೆದ ಸಂಚಿಕೆಯಲ್ಲಿ ಒಬ್ಬ ತಾಯಿಗೆ, 'ಎರಡು ಟ್ಯೂಷನ್‌ಗಳಲ್ಲಿ ಒಂದನ್ನು ಬಿಡಿಸಿ, ಆ ಒಂದು ಗಂಟೆ ಹುಡುಗನನ್ನು ಹೊರಗೆ ಬಿಡಿ' ಎಂದು ಬರೆದಿದ್ದೆ. ಅಷ್ಟಕ್ಕೇ ಹದಿನಾಲ್ಕು ಪತ್ರಗಳು ಬಂದಿವೆ. ಎರಡರಲ್ಲಿ ಮೆಚ್ಚುಗೆ, ಉಳಿದವುಗಳಲ್ಲಿ ಜಗಳ. ಟ್ಯೂಷನ್ ನಡೆಸುವವರೊಬ್ಬರು 'ನಮ್ಮ ಹೊಟ್ಟೆಯ ಮೇಲೆ ಹೊಡೆಯಬೇಡಿ' ಎಂದಿದ್ದಾರೆ. ಅವರ ಕ್ಷಮೆ ಕೇಳುತ್ತೇನೆ, ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮೂವತ್ತನಾಲ್ಕು ವರ್ಷ ಕೊಡಗಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸೀಮೆಸುಣ್ಣ ಹಿಡಿದವಳಿಗೆ ಇಷ್ಟು ಹಟ ಇರಲಿ ಬಿಡಿ. ಈ ತಿಂಗಳು ಪೂರ್ತಿ ಇದೇ ವಿಷಯ.

ನನ್ನ ಮಗನಿಗೆ ಒಂಬತ್ತು ವರ್ಷ. ಕಳೆದ ವರ್ಷ ಕನ್ನಡಕ ಬಂತು, ಈ ವರ್ಷ ನಂಬರ್ ಏರಿದೆ. ದಿನವೂ ಹೊರಗೆ ಆಡಲಿ ಎಂದು ಕಣ್ಣಿನ ಡಾಕ್ಟರು ಹೇಳಿದರು. ನಮ್ಮ ಯಜಮಾನರು, 'ಮನೆಯ ಸುತ್ತ ಹತ್ತು ಎಕರೆ ಕಾಫಿ ತೋಟ, ಕಿಟಕಿ ತೆರೆದರೆ ಹಸಿರೇ. ಇನ್ನೆಷ್ಟು ಹಸಿರು ಬೇಕು?' ಎನ್ನುತ್ತಾರೆ. ಐದು ವರ್ಷದ ತಂಗಿಯೂ ಅಣ್ಣನ ಜೊತೆ ಟಿ.ವಿ. ಮುಂದೆಯೇ ಇರುತ್ತಾಳೆ.
– ಓದುಗಿ, ಗೋಣಿಕೊಪ್ಪಲು

ನಿಮ್ಮ ಯಜಮಾನರ ಲೆಕ್ಕ ಒಂದು ಕಡೆ ತಪ್ಪಿದೆ. ಕಣ್ಣಿನ ಮಟ್ಟಿಗೆ ಕೆಲಸ ಮಾಡುವುದು ಹಸಿರು ಬಣ್ಣವಲ್ಲ, ಬೆಳಕು. ದೂರದ್ದು ಮಸುಕಾಗಿ ಕಾಣುವ ಈ ದೋಷದಲ್ಲಿ, ಅಂದರೆ ಸಮೀಪದೃಷ್ಟಿಯಲ್ಲಿ, ಕಣ್ಣುಗುಡ್ಡೆ ಬೇಕಾದುದಕ್ಕಿಂತ ಉದ್ದಕ್ಕೆ ಬೆಳೆದಿರುತ್ತದೆ. ಹೊರಗಿನ ಪ್ರಖರ ಬೆಳಕು ಕಣ್ಣಿನ ಒಳಪರದೆಯಲ್ಲಿ ಡೋಪಮೀನ್ ಎಂಬ ರಾಸಾಯನಿಕವನ್ನು ಹೆಚ್ಚಿಸಿ ಈ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂಬುದು ತಜ್ಞರಲ್ಲಿ ಹೆಚ್ಚಿನವರು ಕೊಡುವ ಕಾರಣ.

ಚೀನಾದ ಗುವಾಂಗ್‌ಝೌ ನಗರದಲ್ಲಿ ಹನ್ನೆರಡು ಪ್ರಾಥಮಿಕ ಶಾಲೆಗಳನ್ನು ಆಯ್ದುಕೊಂಡು, ಆರು ಶಾಲೆಗಳ ಒಂದನೆಯ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷದ ಹೊರಾಂಗಣ ಪೀರಿಯಡ್ ಒಂದನ್ನು ಹೆಚ್ಚಿಗೆ ಕೊಟ್ಟರು. ಮೂರು ವರ್ಷ ಕಳೆದ ಮೇಲೆ ನೋಡಿದರೆ, ಹೊರಗೆ ಹೋದ ಮಕ್ಕಳಲ್ಲಿ ಶೇ 30.4 ಮಂದಿಗೆ ಸಮೀಪದೃಷ್ಟಿ ಬಂದಿತ್ತು, ಉಳಿದ ಆರು ಶಾಲೆಗಳಲ್ಲಿ ಶೇ 39.5 ಮಂದಿಗೆ. 2015ರಲ್ಲಿ ಇದು ಪ್ರಕಟವಾಯಿತು. ತೈವಾನ್ ಅದಕ್ಕೂ ಮೊದಲೇ, 2010ರಿಂದ, ಶಾಲಾ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಬೇಕೆಂಬ ಕಾರ್ಯಕ್ರಮ ನಡೆಸುತ್ತಿದೆ.

'ನಮ್ಮಲ್ಲಿ ಆರು ತಿಂಗಳು ಮಳೆ, ಬಿಸಿಲೆಲ್ಲಿದೆ?' ಎಂದು ನೀವು ಕೇಳಬಹುದು. ಬಿಸಿಲೇ ಬೇಕೆಂದಿಲ್ಲ. ಜುಲೈ ಮಧ್ಯಾಹ್ನ ನಮ್ಮ ಮನೆಯೊಳಗೆ ಅಕ್ಕಿ ಆರಿಸಲು ಲೈಟ್ ಹಾಕಬೇಕು, ಮೊರ ಹಿಡಿದು ಜಗಲಿಗೆ ಬಂದರೆ ಬೇಡ. ಮೋಡ ಮುಚ್ಚಿದ ದಿನವೂ ಬಯಲಿನ ಬೆಳಕು ಕೋಣೆಯ ಬೆಳಕಿಗಿಂತ ಹಲವು ಪಟ್ಟು ಹೆಚ್ಚು. ಮರದ ನೆರಳಿನಲ್ಲೂ ಹಾಗೆಯೇ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಹೊರಗಿನ ಬೆಳಕು ಸಮೀಪದೃಷ್ಟಿ ಬಾರದಂತೆ ತಡೆಯುವುದರಲ್ಲಿ ಗಟ್ಟಿ, ಬಂದದ್ದು ಏರದಂತೆ ತಡೆಯುವುದರಲ್ಲಿ ಅಷ್ಟು ಗಟ್ಟಿಯಲ್ಲ. ಮಗನ ನಂಬರಿಗೆ ಡಾಕ್ಟರ ಮಾತಿನಂತೆ ನಡೆಯಿರಿ, ಆಟಕ್ಕೂ ಕಳುಹಿಸಿ. ಆದರೆ ಹೆಚ್ಚು ಲಾಭ ಇರುವುದು ನೀವು ಪತ್ರದ ಕೊನೆಯಲ್ಲಿ ಸುಮ್ಮನೆ ಸೇರಿಸಿರುವ ಆ ಐದು ವರ್ಷದವಳಿಗೆ. ಮೊದಲು ಅವಳನ್ನು ಹೊರಗೆ ಕಳುಹಿಸಿ. ಅಣ್ಣ ಹಿಂದೆಯೇ ಹೋಗುತ್ತಾನೆ.

ನೀವು ಹೊರಗೆ ಬಿಡಿ ಎನ್ನುತ್ತೀರಿ. ನಮ್ಮ ತೋಟಕ್ಕೆ ವಾರಕ್ಕೆರಡು ಸಲ ಆನೆ ಬರುತ್ತದೆ. ಮಕ್ಕಳನ್ನು ಶಾಲೆಯ ಬಸ್ಸಿಗೆ ಬಿಡುವುದೇ ಜೀವ ಕೈಯಲ್ಲಿ ಹಿಡಿದು. ನೀವು ಯಾವ ಕೊಡಗಿನಲ್ಲಿದ್ದೀರಿ?
– ಒಬ್ಬ ತಂದೆ, ಸಿದ್ದಾಪುರದ ಹತ್ತಿರ

ಬೈಗುಳ ಸರಿಯಾಗಿಯೇ ಇದೆ. ನಾನಿರುವುದು ನಾಪೋಕ್ಲು ಕಡೆ. ಆನೆಯ ವಿಷಯದಲ್ಲಿ ನಿಮ್ಮಷ್ಟು ಪೆಟ್ಟು ತಿಂದವಳಲ್ಲ.

ಆನೆ ಇರುವ ಸುದ್ದಿ ಬಂದ ದಿನ ತೋಟವೂ ಬೇಡ, ತೋಟದ ದಾರಿಯೂ ಬೇಡ. ಮುಂಜಾನೆ, ಮುಸ್ಸಂಜೆ ಎರಡೂ ಬೇಡ. ಇದರಲ್ಲಿ ಚೌಕಾಸಿ ಇಲ್ಲ. ಆದರೆ ಹಸಿರು ಎಂದರೆ ಕಾಡೇ ಆಗಬೇಕು ಎಂದು ಯಾರೂ ಹೇಳಿಲ್ಲ. ಸ್ಪೇನಿನ ಬಾರ್ಸಿಲೋನಾದಲ್ಲಿ 36 ಶಾಲೆಗಳ 2,593 ಮಕ್ಕಳನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2015ರಲ್ಲಿ ಬಂತು. ಏಳರಿಂದ ಹತ್ತು ವರ್ಷದ ಮಕ್ಕಳು. ಆವರಣದಲ್ಲಿ, ಸುತ್ತಮುತ್ತ ಮರಗಿಡ ಹೆಚ್ಚಿದ್ದ ಶಾಲೆಗಳ ಮಕ್ಕಳಲ್ಲಿ ಕೇಳಿದ್ದನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡು ಲೆಕ್ಕ ಹಾಕುವ ಶಕ್ತಿ ಆ ವರ್ಷದಲ್ಲಿ ಹೆಚ್ಚು ಬೆಳೆದಿತ್ತು. ಅದರಲ್ಲಿ ಒಂದು ಪಾಲು ವಾಹನದ ಹೊಗೆ ಕಡಿಮೆ ಇದ್ದುದರಿಂದ ಎಂದು ಅವರೇ ಲೆಕ್ಕ ಕೊಟ್ಟಿದ್ದಾರೆ. ಅದು ನಗರದ ಹಸಿರು. ರಸ್ತೆ ಬದಿಯ ಮರ, ಶಾಲೆಯ ಅಂಗಳದ ಗಿಡ.

ನಿಮ್ಮಲ್ಲಿ ಕಾಫಿ ಒಣಗಿಸುವ ಕಣ ಇದೆಯಲ್ಲವೇ? ಏಪ್ರಿಲ್‌ನಿಂದ ನವೆಂಬರ್‌ವರೆಗೆ ಅದು ಖಾಲಿ ಬಿದ್ದಿರುತ್ತದೆ. ಮನೆಯ ಎದುರಿಗೇ ಇರುತ್ತದೆ, ಜಗಲಿಯಲ್ಲಿ ಕುಳಿತವರಿಗೆ ನಾಲ್ಕು ಮೂಲೆಯೂ ಕಾಣುತ್ತದೆ. ಅಂಚಿನಲ್ಲಿ ಒಂದು ಸೀಬೆ, ಒಂದು ನಿಂಬೆ, ಹತ್ತು ಬದನೆ ಗಿಡ ಮಕ್ಕಳ ಕೈಯಿಂದಲೇ ನೆಡಿಸಿ. ಬಾಳೆ, ಹಲಸು ಮಾತ್ರ ಬೇಡ. ಏಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ನಾನು ನಾಲ್ಕನೆಯ, ಐದನೆಯ ತರಗತಿಗೆ ಪಾಠ ಮಾಡುತ್ತೇನೆ. ಒಬ್ಬ ಹುಡುಗ ಒಂದು ನಿಮಿಷ ಕೂತಲ್ಲಿ ಕೂರುವುದಿಲ್ಲ. ದಿನಕ್ಕೊಮ್ಮೆ ಮಕ್ಕಳನ್ನು ಶಾಲೆಯ ಹಿಂದಿನ ಮರಗಳ ಕಡೆ ಕರೆದುಕೊಂಡು ಹೋಗಲೇ ಎಂದರೆ, 'ಸಿಲೆಬಸ್ ಯಾರು ಮುಗಿಸುತ್ತಾರೆ?' ಎಂದು ಮುಖ್ಯ ಶಿಕ್ಷಕರು ಕೇಳುತ್ತಾರೆ. ಅವರಿಗೆ ತೋರಿಸಲು ಏನಾದರೂ ಆಧಾರ ಇದೆಯೇ?
– ಶಿಕ್ಷಕಿ, ಸೋಮವಾರಪೇಟೆ ತಾಲ್ಲೂಕು

ಇದೆ. ಮುಖ್ಯ ಶಿಕ್ಷಕರಿಗೆ ತೋರಿಸುವುದಕ್ಕಿಂತ ಮೊದಲು ನೀವೇ ಒಮ್ಮೆ ಮಾಡಿ ನೋಡಬಹುದಾದಂಥದ್ದು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆಂಡ್ರಿಯಾ ಫೇಬರ್ ಟೇಲರ್ ಮತ್ತು ಫ್ರಾನ್ಸಿಸ್ ಕುವೋ ಗಮನದ ತೊಂದರೆ ಇದೆಯೆಂದು ವೈದ್ಯರು ಗುರುತಿಸಿದ್ದ ಹದಿನೇಳು ಮಕ್ಕಳನ್ನು ಇಪ್ಪತ್ತು ನಿಮಿಷದ ನಡಿಗೆಗೆ ಕರೆದೊಯ್ದರು. ಒಂದು ಸಲ ಉದ್ಯಾನದಲ್ಲಿ, ಒಂದು ಸಲ ಪೇಟೆಯಲ್ಲಿ, ಒಂದು ಸಲ ಮನೆಗಳಿರುವ ಬೀದಿಯಲ್ಲಿ. ನಡೆದು ಬಂದ ಮೇಲೆ ಕೊಟ್ಟ ಪರೀಕ್ಷೆ ಬಹಳ ಸರಳ. ಕೆಲವು ಅಂಕಿಗಳನ್ನು ಹೇಳುವುದು, ಮಗು ಅವನ್ನು ಹಿಂದಿನಿಂದ ಮುಂದಕ್ಕೆ ಒಪ್ಪಿಸುವುದು. ಉದ್ಯಾನದಲ್ಲಿ ನಡೆದು ಬಂದ ದಿನ ಅದೇ ಮಕ್ಕಳು ಹೆಚ್ಚು ಚೆನ್ನಾಗಿ ಒಪ್ಪಿಸಿದರು. ಹದಿನೇಳು ಮಕ್ಕಳು ಎಂದರೆ ಸಣ್ಣ ಲೆಕ್ಕ, ಒಪ್ಪುತ್ತೇನೆ. ಆದರೆ ನಿಮ್ಮ ತರಗತಿಯಲ್ಲಿಯೂ ಅಷ್ಟೇ ಮಕ್ಕಳಿರಬೇಕು. '7, 2, 9, 4' ಎಂದು ಹೇಳಿ, '4, 9, 2, 7' ಎಂದು ಹೇಳಿಸಿ. ಒಂದು ವಾರ ನಡಿಗೆಯ ಮೊದಲು, ಒಂದು ವಾರ ನಡಿಗೆಯ ನಂತರ. ಅಂಕಿಗಳನ್ನು ಮಾತ್ರ ದಿನವೂ ಬದಲಿಸಿ, ಮಕ್ಕಳು ನಮಗಿಂತ ಜಾಣರು.

ಇದು ಏಕೆ ಹೀಗೆ ಎನ್ನುವುದಕ್ಕೆ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ಎಂಬ ದಂಪತಿ ಕೊಟ್ಟ ವಿವರಣೆ ನನಗೆ ಇಷ್ಟ. ಗಮನ ಎರಡು ಬಗೆಯಂತೆ. ಒಂದನ್ನು ನಾವು ಹಗ್ಗ ಕಟ್ಟಿ ಎಳೆದು ತರಬೇಕು: ಮಗ್ಗಿ, ಕಾಗುಣಿತ, ಟೀಚರ ದನಿ. ಇನ್ನೊಂದು ತಾನಾಗಿಯೇ ಹೋಗಿ ಕೂರುತ್ತದೆ: ಎಲೆಯ ಮೇಲೆ ಜಾರುವ ಹನಿ, ಸಾಲಾಗಿ ಹೊರಟ ಇರುವೆ. ಎರಡನೆಯದು ಕೆಲಸ ಮಾಡುವಾಗ ಮೊದಲನೆಯದು ವಿಶ್ರಾಂತಿ ಪಡೆಯುತ್ತದೆ. ನಮ್ಮ ಶಾಲೆಗಳಲ್ಲಿ ಇದಕ್ಕೆ ವಿರುದ್ಧವಾದ ಶಾಸ್ತ್ರವೇ ನಡೆದುಬಂದಿದೆ. ನಾನು ಕೆಲಸಕ್ಕೆ ಸೇರಿದ ಮೊದಲ ಶಾಲೆಯಲ್ಲಿ, ಮಕ್ಕಳು ಹೊರಗೆ ನೋಡಬಾರದೆಂದು ಕಿಟಕಿಯ ಕೆಳಗಿನ ಗಾಜಿಗೆಲ್ಲ ಬಿಳಿ ಬಣ್ಣ ಬಳಿದಿದ್ದರು. ಹೈಸ್ಕೂಲು ಮಕ್ಕಳನ್ನು ಕಿಟಕಿಯಿಲ್ಲದ ಕೋಣೆ, ಕಟ್ಟಡ ಕಾಣುವ ಕೋಣೆ, ಮರ ಕಾಣುವ ಕೋಣೆ ಹೀಗೆ ಮೂರು ಕಡೆ ಕೂರಿಸಿ ನಡೆಸಿದ ಒಂದು ಅಧ್ಯಯನ 2016ರಲ್ಲಿ ಬಂದಿದೆ. ಸ್ವಲ್ಪ ಬಿಡುವು ಕೊಟ್ಟ ಮೇಲೆ ಗಮನದ ಪರೀಕ್ಷೆಯಲ್ಲಿ ಮುಂದಿದ್ದವರು ಮರ ಕಾಣುವ ಕೋಣೆಯವರೇ. ಅದನ್ನು ಓದಿದಾಗ ಆ ಬಿಳಿ ಬಣ್ಣ ನೆನಪಾಗಿ ಹೊಟ್ಟೆ ಉರಿಯಿತು.

ಇನ್ನು ಸಿಲೆಬಸ್. ನನ್ನದೊಂದು ಕಥೆ ಹೇಳುತ್ತೇನೆ, ಸ್ವಲ್ಪ ಉದ್ದ. ತೊಂಬತ್ತರ ದಶಕದ ಆರಂಭ. ಒಂದು ಕೋಣೆ, ಎರಡು ತರಗತಿ, ನಾನೊಬ್ಬಳು. ದಶಮಾಂಶದ ಪಾಠ. 1.2 ದೊಡ್ಡದೋ 1.15 ದೊಡ್ಡದೋ ಎಂದರೆ ಇಡೀ ತರಗತಿ '1.15' ಎಂದು ಕೂಗುತ್ತಿತ್ತು. ಹದಿನೈದು ಎರಡಕ್ಕಿಂತ ದೊಡ್ಡದಲ್ಲವೇ! ಹದಿನೈದು ದಿನ ಹಲಗೆಯ ಮೇಲೆ ಬರೆದು ಅಳಿಸಿ ಸೋತೆ. ಕೊನೆಗೆ ಪಕ್ಕದ ತೋಟದಿಂದ ಒಂದು ಹಳೆಯ ಮಳೆಮಾಪಕ ಬೇಡಿ ತಂದು ಧ್ವಜಕಂಬದ ಹತ್ತಿರ ಇಟ್ಟೆ. ಕೊಡಗಿನಲ್ಲಿ ಮಳೆಯನ್ನು ಈಗಲೂ ಇಂಚು ಸೆಂಟುಗಳಲ್ಲಿಯೇ ಹೇಳುತ್ತಾರಲ್ಲ, ನೂರು ಸೆಂಟಿಗೆ ಒಂದು ಇಂಚು. ಪ್ರತಿದಿನ ಬೆಳಿಗ್ಗೆ ಇಬ್ಬರು ಮಕ್ಕಳು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಹೋಗಿ ಅಳೆದು ಬಂದು ಹಲಗೆಯ ಮೂಲೆಯಲ್ಲಿ ಬರೆಯಬೇಕು. ಎರಡು ಜೋಡಿ ಕಣ್ಣು ಹೊರಗೆ ಹೋದರೆ ಉಳಿದ ಇಪ್ಪತ್ತು ಜೋಡಿ ಬಾಗಿಲಲ್ಲಿ.

ಲೈನ್ ಮನೆಯಿಂದ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯಿಂದ, ಬರುತ್ತಿದ್ದ ಒಬ್ಬ ಹುಡುಗ ಇದ್ದ. ತರಗತಿಯಲ್ಲಿ ಬಾಯಿ ಬಿಟ್ಟವನಲ್ಲ, ಕೂತಲ್ಲಿ ಕೂತವನೂ ಅಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಹಿಂದೆ ತಿರುಗಿ ಮಳೆ ಅಳೆಯುವುದು ಅವನಿಗೆ ಗೊತ್ತಿತ್ತು. ಒಂದು ದಿನ ನಾನು ಹಲಗೆಯ ಮೇಲೆ 1.2 ಎಂದು ಬರೆದು, 'ಒಂದು ಬಿಂದು ಎರಡು' ಎಂದು ಓದಿದೆ. ಹುಡುಗ ಎದ್ದು ನಿಂತು, 'ಟೀಚರ್, ಅದು ಎರಡಲ್ಲ. ಇಪ್ಪತ್ತು ಸೆಂಟು. ನಿನ್ನೆಯದು ಹದಿನೈದು ಸೆಂಟು. ಇವತ್ತೇ ಮಳೆ ಜಾಸ್ತಿ' ಎಂದ. ತರಗತಿ ಒಂದು ಕ್ಷಣ ಸುಮ್ಮನಾಯಿತು, ಆಮೇಲೆ ಎಲ್ಲರಿಗೂ ಒಟ್ಟಿಗೆ ಅರ್ಥವಾಯಿತು. ಆ ವರ್ಷ ದಶಮಾಂಶದ ಪಾಠವನ್ನು ಮುಗಿಸಿದವನು ಅವನು. ನಾನು ಸಹಿ ಹಾಕಿದೆ, ಅಷ್ಟೆ.

ನಿಮ್ಮ ಹುಡುಗನಿಗೂ ಹೊರಗೆ ಒಂದು ಕೆಲಸ ಕೊಡಿ. ಸುಮ್ಮನೆ ಸುತ್ತಾಡಿಸಿ ತರುವುದಕ್ಕಿಂತ ಅದು ಮೇಲು. ಮುಖ್ಯ ಶಿಕ್ಷಕರ ದಿನಚರಿಗೆ 'ಗಣಿತ: ಅಳತೆ' ಎಂದು ಬರೆದರಾಯಿತು, ಸುಳ್ಳೂ ಅಲ್ಲ. ತಿಂಗಳುಗಟ್ಟಲೆ ಹೀಗೆ ಮಾಡಿದರೂ ಮನೆಯಲ್ಲಿ, ಶಾಲೆಯಲ್ಲಿ ಎರಡೂ ಕಡೆ ಅವನ ಚಡಪಡಿಕೆ ಹಾಗೆಯೇ ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಲು ತಂದೆತಾಯಿಗೆ ಹೇಳಿ. ಮರ ವೈದ್ಯರ ಕೆಲಸ ಮಾಡುವುದಿಲ್ಲ.

ನನ್ನ ಮೊಮ್ಮಗ 2018ರ ಆಗಸ್ಟ್‌ನಲ್ಲಿ ನಾಲ್ಕು ವರ್ಷದವನು. ಗುಡ್ಡ ಜಾರಿ ನಮ್ಮ ಮನೆ ಹೋಯಿತು. ಈಗ ಬೇರೆ ಕಡೆ ಇದ್ದೇವೆ. ಈಗಲೂ ಜೋರು ಮಳೆ ಬಂದರೆ ನಿದ್ದೆ ಮಾಡುವುದಿಲ್ಲ, ಬೆಟ್ಟದ ಕಡೆ ಆಟಕ್ಕೆ ಕರೆದರೆ ಹೋಗುವುದಿಲ್ಲ. ಪ್ರಕೃತಿಯ ಮಧ್ಯೆ ಬಿಟ್ಟರೆ ಸರಿಯಾಗುತ್ತದೆ ಎಂದು ನೆಂಟರು ಹೇಳುತ್ತಾರೆ.
– ಅಜ್ಜಿ, ಮಡಿಕೇರಿ ತಾಲ್ಲೂಕು

ಅಮ್ಮಾ, ನೆಂಟರ ಮಾತು ಕೇಳಬೇಡಿ. ಅವನಿಗೆ ಪೆಟ್ಟು ಕೊಟ್ಟಿದ್ದೇ ಬೆಟ್ಟ. ಅದೇ ಔಷಧಿ ಎಂದು ಬಲವಂತವಾಗಿ ಕುಡಿಸಲು ಆಗುತ್ತದೆಯೇ?

ಆ ಆಗಸ್ಟ್‌ನಲ್ಲಿ ನಾನೂ ಒಂದು ಪರಿಹಾರ ಕೇಂದ್ರದಲ್ಲಿ ಮಕ್ಕಳ ಜೊತೆ ಕೆಲವು ದಿನ ಇದ್ದೆ. ಕ್ರೆಯಾನ್ ಕೊಟ್ಟು ನಿಮಗೆ ಬೇಕಾದ ಚಿತ್ರ ಬರೆಯಿರಿ ಎಂದೆ. ಹಸಿರು ಕಡ್ಡಿಗಳು ಹಾಗೆಯೇ ಉಳಿದವು. ಕೆಂಪು ಮತ್ತು ಕಂದು ಬಣ್ಣದವು ಮೊದಲ ದಿನವೇ ಸವೆದುಹೋದವು. ಬೆಟ್ಟವನ್ನು ಅವರು ಕೆಂಪಗೆ ಬಳಿದಿದ್ದರು.

ಇಷ್ಟು ವರ್ಷ ಉಳಿದಿರುವ ಭಯಕ್ಕೆ ಬಲ್ಲವರ ನೆರವು ಬೇಕು. ಟೆಲಿ ಮನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಮೊದಲು ನೀವೇ ಮಾತನಾಡಿ. ಆ ಮಳೆಯಲ್ಲಿ ನೀವೂ ಇದ್ದಿರಿ, ನಿಮ್ಮ ನಿದ್ದೆಯ ಬಗ್ಗೆ ಪತ್ರದಲ್ಲಿ ಏನೂ ಬರೆದಿಲ್ಲ. ಅವರು ಹೇಳಿದ ದಾರಿಯಲ್ಲಿ ನಡೆಯುತ್ತಾ, ಬೇಸಿಗೆಯಲ್ಲಿ, ಕೊಯ್ಲು ಮುಗಿದ ಗದ್ದೆಯಂಥ ಸಮತಟ್ಟು ಜಾಗಕ್ಕೆ ಅವನಾಗಿ ಬಂದರೆ ಕರೆದುಕೊಂಡು ಹೋಗಿ. ಬೆಟ್ಟ ದೂರದಲ್ಲಿ ಇರಲಿ. ಬೇಡ ಎಂದ ದಿನ ಬೇಡ.

ಬೇಸಿಗೆ ರಜೆಗೆ ಮಕ್ಕಳನ್ನು ಅಜ್ಜಿಯ ಮನೆಗೆ, ಶ್ರೀಮಂಗಲಕ್ಕೆ ಕಳುಹಿಸುತ್ತೇವೆ. ಬರುವಾಗ ಮೈತುಂಬ ಮಣ್ಣು, ಕಾಲಲ್ಲಿ ಜಿಗಣೆ ಕಚ್ಚಿದ ಕಲೆ. ಇನ್‌ಫೆಕ್ಷನ್ ಆಗುವುದಿಲ್ಲವೇ?
– ಓದುಗಿ, ಬೆಂಗಳೂರು

ಮಣ್ಣಿಗೆ ನನಗಿಂತ ಒಳ್ಳೆಯ ವಕೀಲರು ಫಿನ್ಲೆಂಡಿನಲ್ಲಿದ್ದಾರೆ. ಅಲ್ಲಿ ಕೆಲವು ಶಿಶುವಿಹಾರಗಳ ಅಂಗಳಕ್ಕೆ ಕಾಡಿನ ನೆಲದ ಮಣ್ಣು, ಹುಲ್ಲುಹಾಸು ತಂದು ಹಾಸಿದರು. ಮೂರರಿಂದ ಐದು ವರ್ಷದ ಮಕ್ಕಳು ಅದರಲ್ಲಿ ಆಡಿದರು. 28 ದಿನಗಳಲ್ಲಿ ಅವರ ಚರ್ಮದ ಮೇಲಿನ ಸೂಕ್ಷ್ಮಾಣುಗಳ ವೈವಿಧ್ಯ ಹೆಚ್ಚಿತ್ತು, ರೋಗನಿರೋಧಕ ವ್ಯವಸ್ಥೆ ಹದಕ್ಕೆ ಬಂದ ಗುರುತುಗಳು ರಕ್ತದಲ್ಲಿ ಕಂಡವು. 2020ರಲ್ಲಿ ಪ್ರಕಟವಾದದ್ದು.

ಆದರೆ ಫಿನ್ಲೆಂಡಿನ ಮಣ್ಣಲ್ಲ ನಮ್ಮದು. ಚಪ್ಪಲಿ ಹಾಕಿಸಿ, ಇಲ್ಲಿ ಕೊಕ್ಕೆಹುಳ ಇದೆ. ಧನುರ್ವಾಯುವಿನ ಚುಚ್ಚುಮದ್ದು ಆಗಿರಲಿ. ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಸಿ. ತೋಟಕ್ಕೆ ಯಾವ ಔಷಧಿ ಯಾವತ್ತು ಹೊಡೆದಿದ್ದಾರೆ ಎಂದು ಅಜ್ಜನನ್ನು ಕೇಳಿ, ಹೊಡೆದ ಜಾಗಕ್ಕೆ ಆ ದಿನಗಳಲ್ಲಿ ಮಕ್ಕಳು ಹೋಗದಿರಲಿ. ನಿಜವಾಗಿ ಹೆದರಬೇಕಾದದ್ದು ಇದಕ್ಕೆ, ಇದನ್ನು ಯಾರೂ ಕೇಳುವುದಿಲ್ಲ. ಜಿಗಣೆಯನ್ನು ಎಳೆಯದೆ, ಕಚ್ಚಿದ ಕಡೆ ಉಗುರು ತೂರಿಸಿ ಸರಿಸಿದರೆ ಬಿಡುತ್ತದೆ. ಅದರ ಜೊಲ್ಲು ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ, ಆದ್ದರಿಂದ ಸ್ವಲ್ಪ ಹೊತ್ತು ಸುರಿಯುತ್ತದೆ. ತೊಳೆದು ಒತ್ತಿ ಹಿಡಿಯಿರಿ. ಮಕ್ಕಳು ಅಳುವುದಿಲ್ಲ. ಶಾಲೆಗೆ ಹೋಗಿ ಕಲೆ ತೋರಿಸಿ ಬೀಗುತ್ತಾರೆ.

ಅಮ್ಮ ಹೇಳಿದ್ದನ್ನು ನಾನು ಬರೆಯುತ್ತಿದ್ದೇನೆ. ನಾವು ಎಸ್ಟೇಟ್ ಲೈನಿನಲ್ಲಿ ಇದ್ದೇವೆ. ನಾನು ಏಳನೇ ಕ್ಲಾಸ್. ಸುತ್ತ ತೋಟ ಇದೆ, ಆಡಲು ಜಾಗ ಇಲ್ಲ. ಗಿಡ ಮುರಿಯುತ್ತದೆ ಎಂದು ಒಳಗೆ ಬಿಡುವುದಿಲ್ಲ. ಶಾಲೆ ಬಿಟ್ಟು ಬಂದು ತಮ್ಮನನ್ನು ನೋಡಿಕೊಳ್ಳುತ್ತೇನೆ. ನಿಮ್ಮ ಪುಸ್ತಕದಲ್ಲಿ ಹೊರಗೆ ಬಿಡಿ ಎಂದು ಇತ್ತು. ಎಲ್ಲಿಗೆ?
– ವಿರಾಜಪೇಟೆ ತಾಲ್ಲೂಕು

ಮಗೂ, ಪೆನ್ಸಿಲಿನಲ್ಲಿ ಬರೆದ ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಅಕ್ಷರ ಚೆನ್ನಾಗಿದೆ. ನಿನ್ನ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನಾನಲ್ಲ, ಆದ್ದರಿಂದ ಈಗ ತಿರುಗಿ ಬೇರೆಯವರ ಕಡೆ ಮಾತನಾಡುತ್ತೇನೆ. ಅಮ್ಮನಿಗೆ ಓದಿ ಹೇಳು.

ತೋಟದ ಯಜಮಾನರೇ, ನಿಮ್ಮಲ್ಲಿ ಹಲವರು ಈ ಪತ್ರಿಕೆಯ ಚಂದಾದಾರರು, ಕೆಲವರು ನನ್ನ ವಿದ್ಯಾರ್ಥಿಗಳು. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾಫಿ ಗಿಡದ ಸಾಲಿನ ನಡುವೆ ಓಡಲು ಆಗುವುದಿಲ್ಲ, ಅದು ನಿಮಗೂ ಗೊತ್ತು. ಹೊರಗಿನಿಂದ ಬಂದವರು ಜೀಪಿನಿಂದ ಇಳಿದು 'ಎಷ್ಟು ಹಸಿರು!' ಎನ್ನುತ್ತಾರೆ. ಆ ಹಸಿರಿಗೆ ಬೇಲಿ ಇದೆ, ಬೇಲಿಯ ಆಚೆ ಈ ಹುಡುಗಿ ತಮ್ಮನನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಾಳೆ. ನಮ್ಮ ಹಿರಿಯರು ಇಷ್ಟು ಜಿಪುಣರಾಗಿರಲಿಲ್ಲ. ಒಂದಿಂಚು ಗದ್ದೆಗಾಗಿ ಜಗಳವಾಡಿದವರೂ ಸುಗ್ಗಿಯ ಹಬ್ಬ ಹುತ್ತರಿಯ ಕೋಲಾಟಕ್ಕೆಂದು ಊರಿಗೊಂದು ಮಂದ್, ಅಂದರೆ ಊರ ಬಯಲು, ಬಿಟ್ಟರು. ದೇವರಿಗೆ ಸಾವಿರದ ಇನ್ನೂರಕ್ಕೂ ಹೆಚ್ಚು ಕಾಡುಗಳನ್ನು ಬಿಟ್ಟರು. ನಾವು 1997ರಿಂದ ಮನೆತನಗಳ ಹಾಕಿ ಹಬ್ಬ ನಡೆಸಿ ಹೆಮ್ಮೆ ಪಡುತ್ತೇವೆ. ಒಳ್ಳೆಯದು. ಅದೇ ಹಾಕಿಯ ಜಿಲ್ಲೆಯಲ್ಲಿ ಲೈನ್ ಮನೆಯ ಹುಡುಗ ಚೆಂಡನ್ನು ಹೊಡೆಯುವುದು ಜೀಪು ರಸ್ತೆಯಲ್ಲಿ.

ಲೈನಿನ ಪಕ್ಕ ಹತ್ತು ಸೆಂಟ್ ಜಾಗ ಸಮ ಮಾಡಿಸಿ, ಎರಡು ನೆರಳು ಮರ ಉಳಿಸಿ. ಅದೂ ಕಷ್ಟ ಎಂದರೆ ಕಣದ ಗೇಟು ತೆರೆಯಿರಿ, ಮೇಲೆ ಸಿದ್ದಾಪುರದವರಿಗೆ ಹೇಳಿದಂತೆ ವರ್ಷದಲ್ಲಿ ಎಂಟು ತಿಂಗಳು ಅದು ಖಾಲಿ. ತಮ್ಮತಂಗಿಯರನ್ನು ಹೊತ್ತುಕೊಂಡೇ ಬರುವ ಹುಡುಗಿಯರೂ ಇರುತ್ತಾರೆ, ನೆರಳಿನಲ್ಲಿ ಒಂದು ಚಾಪೆ ಹಾಸಿಡಿ. ಆಗ ಅವರ ಕೈಯೂ ಖಾಲಿಯಾಗುತ್ತದೆ.

ನಮ್ಮದು ಮೂರೇ ಎಕರೆ, ಕಣವೂ ಸಣ್ಣದು. ಕಾಫಿ ಹರಡಿದಾಗ ಬಿಟ್ಟರೆ ಗೇಟಿಗೆ ಬೀಗ ಹಾಕುವುದಿಲ್ಲ. ಸಂಜೆ ನಾಲ್ಕೂವರೆಗೆ ಹತ್ತು ಹನ್ನೆರಡು ಮಕ್ಕಳು ಬರುತ್ತಾರೆ. ಈ ವರ್ಷ ಕೊಟ್ಟಿಗೆಯ ಎರಡು ಹೆಂಚು ಒಡೆದಿವೆ. ಒಡೆದವನು ಯಾರೆಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವನಿಗೂ ಗೊತ್ತು. ನಮ್ಮ ಮನೆಯ ಮುಂದೆ ಬರುವಾಗ ಸೈಕಲಿನಿಂದ ಇಳಿದು, ತಲೆ ತಗ್ಗಿಸಿ, ಕಣಕ್ಕೇ ಹೋಗುತ್ತಾನೆ.